ತೆರಿಗೆ ಉಂಟು, ಜಾಮೀನು ಇಲ್ಲ



ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಮನೆಯ ಜಗಲಿಗೆ ಒಬ್ಬ ಹುಡುಗ ಬಂದ. ಹುಡುಗ ಎಂದರೆ ನನ್ನ ಲೆಕ್ಕಕ್ಕೆ ಹುಡುಗ; ಅವನಿಗೆ ಮದುವೆಯಾಗಿ ಎರಡು ಮಕ್ಕಳಿದ್ದಾರೆ. ಏಳನೆಯ ತರಗತಿಯಲ್ಲಿ ನನ್ನಿಂದ ಬಡ್ಡಿ ಲೆಕ್ಕ ಕಲಿತವನು. ಈಗ ಕುವೈಟಿನಲ್ಲಿ ಕೆಲಸ, ರಜೆಯಲ್ಲಿ ಊರಿಗೆ ಬಂದಿದ್ದ. ಕೊಡೆ ಮಡಚಿ ಮೂಲೆಗಿಟ್ಟು, ಚಹಾ ಕುಡಿದು, ಮೊಬೈಲು ತೆಗೆದು ಮೇಲೆ ಮೇಲೆ ಏರುವ ಒಂದು ಗೆರೆಯನ್ನು ತೋರಿಸಿದ. ಊರಿನ ಗೆಳೆಯನೊಬ್ಬ ಬಿಟ್‌ಕಾಯಿನ್ ಮುಂತಾದ ಕ್ರಿಪ್ಟೋ ನಾಣ್ಯಗಳಲ್ಲಿ ಹಣ ಹಾಕಿದ್ದಾನಂತೆ. ಇವನೂ ಅಡಿಕೆ ತೋಟದ ಬೇಲಿಗೆಂದು ಕೂಡಿಟ್ಟ ಎರಡು ಲಕ್ಷವನ್ನು ಅದಕ್ಕೇ ಹಾಕುವವನಿದ್ದ. ನನ್ನ ಮುಖದಲ್ಲಿ ಸಂಶಯ ಕಂಡಿರಬೇಕು. "ಸರಕಾರವೇ ಅದಕ್ಕೆ ತೆರಿಗೆ ತೆಗೆದುಕೊಳ್ಳುತ್ತದೆ ಮಾಷ್ಟ್ರೆ. ಕಳ್ಳ ವ್ಯಾಪಾರಕ್ಕೆ ಯಾರಾದರೂ ತೆರಿಗೆ ಹಾಕುವುದುಂಟೇ?" ಎಂದು ಕೇಳಿದ.

ಪ್ರಶ್ನೆ ಸಣ್ಣದಲ್ಲ. ನನ್ನಲ್ಲಿ ಆಗ ಉತ್ತರ ಇರಲಿಲ್ಲ. ಒಂದು ವಾರ ಬಿಟ್ಟು ಬಾ ಎಂದು ಕಳುಹಿಸಿದೆ. ಆ ವಾರದಲ್ಲಿ ಮತ್ತು ಆಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ. ನಿಮ್ಮ ಮನೆಯ ಜಗಲಿಗೂ ಇಂಥ ಪ್ರಶ್ನೆ ಬಂದಿರಬಹುದು, ಇಲ್ಲವೇ ನಾಳೆ ಬರಬಹುದು.

ಮೊದಲು ಈ ವಸ್ತು ಏನೆಂದು ನೋಡೋಣ. ಒಂದು ಊರಿನ ದೇವಸ್ಥಾನದಲ್ಲಿ ಬ್ರಹ್ಮಕಲಶ ಎಂದು ಇಟ್ಟುಕೊಳ್ಳಿ. ದೇಣಿಗೆ ಬರುತ್ತದೆ, ಖರ್ಚು ಆಗುತ್ತದೆ. ಲೆಕ್ಕದ ಪುಸ್ತಕ ಒಬ್ಬ ಕಾರ್ಯದರ್ಶಿಯ ಕೈಯಲ್ಲಿ. ಅವರು ಎಷ್ಟೇ ಪ್ರಾಮಾಣಿಕರಾದರೂ ಉತ್ಸವ ಮುಗಿದ ಮೇಲೆ ನಾಲ್ಕು ಮಂದಿ ನಾಲ್ಕು ಮಾತು ಆಡುತ್ತಾರೆ. ಇದು ನಿಮಗೆ ಹೊಸತಲ್ಲ. ಈಗ ಬೇರೆ ಒಂದು ಕ್ರಮ ಯೋಚಿಸಿ. ದೇಣಿಗೆ ಬಂದ ಕೂಡಲೇ ಮೈಕಿನಲ್ಲಿ ಹೇಳುತ್ತಾರೆ. ಊರಿನ ನೂರು ಮನೆಯವರೂ ತಮ್ಮ ತಮ್ಮ ಪುಸ್ತಕದಲ್ಲಿ ಅದನ್ನು ಬರೆದುಕೊಳ್ಳುತ್ತಾರೆ. ಒಂದು ಪುಟ ತುಂಬಿದಾಗ ಆ ಪುಟದ ಅಕ್ಷರ ಅಕ್ಷರವನ್ನೂ ಲೆಕ್ಕಕ್ಕೆ ಹಿಡಿದು ಒಂದು ಗುರುತಿನ ಸಂಖ್ಯೆ ತೆಗೆಯುತ್ತಾರೆ. ನಾವು "ಹಿಂದಿನ ಪುಟದಿಂದ ತಂದದ್ದು" ಎಂದು ಮೊತ್ತ ಬರೆಯುವುದಿಲ್ಲವೇ, ಹಾಗೆ ಅದನ್ನು ಮುಂದಿನ ಪುಟದ ತಲೆಯಲ್ಲಿ ಬರೆಯುತ್ತಾರೆ. ಯಾರಾದರೂ ಮೂರನೆಯ ಪುಟದ 500ನ್ನು 5,000 ಮಾಡಿದರೆ ಆ ಪುಟದ ಗುರುತು ಬದಲಾಗುತ್ತದೆ. ನಾಲ್ಕನೆಯ ಪುಟದ ತಲೆಬರಹ ತಾಳೆಯಾಗುವುದಿಲ್ಲ, ಐದನೆಯದೂ ಆಗುವುದಿಲ್ಲ. ಮತ್ತೆ ತೊಂಬತ್ತೊಂಬತ್ತು ಮನೆಗಳ ಪುಸ್ತಕ ಬೇರೆಯೇ ಹೇಳುತ್ತಿರುತ್ತದೆ. ಪುಟವೇ ಬ್ಲಾಕ್, ಪುಟಕ್ಕೆ ಪುಟವನ್ನು ಕಟ್ಟುವ ಗುರುತೇ ಚೈನ್, ಅಂದರೆ ಸರಪಣಿ. ಬ್ಲಾಕ್‌ಚೈನ್ ಎಂದರೆ ಇಷ್ಟೇ. ಬರೆಯುವವರು ಮನುಷ್ಯರಲ್ಲ, ಕಂಪ್ಯೂಟರುಗಳು.

ಬಿಟ್‌ಕಾಯಿನ್ ಇಂಥ ಪುಸ್ತಕದ ಒಂದು ಬರಹ. ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಇದರ ವಿವರಣೆ ಪ್ರಕಟವಾಯಿತು. ಆ ಹೆಸರಿನ ಹಿಂದೆ ಇರುವವರು ಒಬ್ಬರೋ ಹಲವರೋ ಎಂಬುದು ಇವತ್ತಿಗೂ ಬಯಲಾಗಿಲ್ಲ. ಮೊದಲ ಪುಟ ಬರೆದದ್ದು 2009ರ ಜನವರಿ 3ರಂದು. ಒಟ್ಟು 2 ಕೋಟಿ 10 ಲಕ್ಷಕ್ಕಿಂತ ಹೆಚ್ಚು ನಾಣ್ಯ ಹುಟ್ಟಬಾರದೆಂದು ಮೊದಲೇ ಕಟ್ಟುಪಾಡು. ಕೈಯಲ್ಲಿ ಹಿಡಿಯುವ ನಾಣ್ಯ ಯಾವುದೂ ಇಲ್ಲ. ಇಷ್ಟು ಬಿಟ್‌ಕಾಯಿನ್ ಇಂಥ ಕೀಲಿ ಉಳ್ಳವನದ್ದು ಎಂಬ ಬರಹ ಇದೆ, ಅಷ್ಟೆ. ಕಾರ್ಯದರ್ಶಿ ಇಲ್ಲ, ಆಡಳಿತ ಮೊಕ್ತೇಸರರಿಲ್ಲ, ಮ್ಯಾನೇಜರರಿಲ್ಲ. ಇದನ್ನು ಹೊಗಳುವವರು ಹೊಗಳುವುದು ಇದೇ ಕಾರಣಕ್ಕೆ. ಕೀಲಿಯ ಸಂಖ್ಯೆ ಮರೆತುಹೋದವನು ಅಳುವುದೂ ಇದೇ ಕಾರಣಕ್ಕೆ. ದೂರು ಹೇಳಲು ಬಾಗಿಲೇ ಇಲ್ಲ.

ಪುಸ್ತಕ ಒಳ್ಳೆಯದು ಎಂಬುದನ್ನು ನಮ್ಮ ಸರಕಾರಗಳು ಬೇಗ ಒಪ್ಪಿದವು. ನಮ್ಮ ಜಿಲ್ಲೆಯ ಗಡಿಗೆ ತಾಗಿದ ಕೊಡಗಿನ ಉದಾಹರಣೆ ನೋಡಿ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಕಾಫಿ ಬೋರ್ಡು 2019ರ ಮಾರ್ಚ್ 28ರಂದು ಬ್ಲಾಕ್‌ಚೈನ್ ಆಧಾರದ ಒಂದು ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಯಾವ ತೋಟದ ಕಾಫಿ, ಯಾರ ಕೈ ದಾಟಿತು, ಎಲ್ಲಿ ಹುರಿದರು ಎಂಬುದು ಕೊಳ್ಳುವವನಿಗೆ ಕಾಣಬೇಕು, ನಡುವಿನ ಕೈಗಳು ಕಡಿಮೆಯಾಗಿ ಬೆಳೆಗಾರನಿಗೆ ಬೆಲೆ ಸಿಗಬೇಕು ಎಂಬುದು ಉದ್ದೇಶ. ಕೇರಳದಲ್ಲಿ ಈ ವಿದ್ಯೆಯನ್ನು ಕಲಿಸುವುದಕ್ಕೆಂದೇ ತಿರುವನಂತಪುರದಲ್ಲಿ ಕೇರಳ ಬ್ಲಾಕ್‌ಚೈನ್ ಅಕಾಡೆಮಿ ಉಂಟು. 2020ರ ಜನವರಿಯಲ್ಲಿ ಕೇಂದ್ರ ಸರಕಾರದ ಮಾಹಿತಿ ಕೇಂದ್ರ ಬೆಂಗಳೂರಿನಲ್ಲಿ ಇದಕ್ಕೊಂದು ಪ್ರತ್ಯೇಕ ಘಟಕ ತೆರೆಯಿತು. ಅಡಿಕೆಗೂ ಇಂಥದ್ದೊಂದು ಬರಬಾರದೇ ಎಂದು ನನಗೆ ಆಸೆ. ಎರಡು ರಾಜ್ಯಗಳ ಬೆಳೆಗಾರರನ್ನು ಸೇರಿಸಿ 1973ರಲ್ಲೇ ಕ್ಯಾಂಪ್ಕೊ ಕಟ್ಟಿದವರು ನಾವು. ಒಂದು ಪುಸ್ತಕ ನಮಗೆ ಹೆಚ್ಚಿನದ್ದಲ್ಲ.

ಆದರೆ ಒಂದು ಮಾತು. ಪುಸ್ತಕ ತಿದ್ದಲಾಗದ್ದು ಎಂದರೆ ಅದರಲ್ಲಿ ಬರೆದದ್ದು ಸತ್ಯ ಎಂದಲ್ಲ. ಮೊದಲ ಗೆರೆಯನ್ನೇ ಸುಳ್ಳು ಬರೆದರೆ ಆ ಸುಳ್ಳೂ ತಿದ್ದಲಾಗದೆ ಕೂತುಬಿಡುತ್ತದೆ. ಬೇರೆ ಊರಿನ ಕಾಫಿಯನ್ನು ಮಡಿಕೇರಿಯದ್ದೆಂದು ಬರೆದರೆ ಕಂಪ್ಯೂಟರ್ ಮೂಸಿ ನೋಡುವುದಿಲ್ಲ. ಜಾಗದ ದಾಖಲೆಯ ವಿಷಯದಲ್ಲಿ ಇದು ನಮಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 2024ರ ಅಕ್ಟೋಬರಿನಲ್ಲಿ ಕೇರಳ ಸರಕಾರ "ಎಂಡೆ ಭೂಮಿ" ಎಂಬ ವ್ಯವಸ್ಥೆಯನ್ನು ಆರಂಭಿಸಿದಾಗ ಮೊದಲು ಜಾರಿಗೆ ಬಂದದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರ್ ಉಳುವಾರಿನಲ್ಲಿ. ಅದು ಬ್ಲಾಕ್‌ಚೈನ್ ಅಲ್ಲ. ನೋಂದಣಿ, ಕಂದಾಯ, ಸರ್ವೆ ಈ ಮೂರು ಇಲಾಖೆಗಳ ಪುಸ್ತಕಗಳನ್ನು ಒಂದಕ್ಕೊಂದು ಹೊಂದಿಸಿದ್ದು. ಯಂತ್ರ ಯಾವುದೇ ಇರಲಿ, ಅಜ್ಜನ ಕಾಲದ ಕನ್ನಡದ ಆಧಾರವನ್ನು ಓದಿ ಸರಿಯಾಗಿ ಒಳಗೆ ಸೇರಿಸಲು ಕನ್ನಡ ಬಲ್ಲ ಒಬ್ಬ ಮನುಷ್ಯ ಬೇಕು. ಈ ಮಾತನ್ನು ಸಿಕ್ಕಿದ ಎಡೆಯಲ್ಲೆಲ್ಲ ಹೇಳುವುದು ನನಗೆ ಅಭ್ಯಾಸವಾಗಿದೆ, ಕ್ಷಮಿಸಿ.

ಪುಸ್ತಕದ ಕಥೆ ಇದು. ನಾಣ್ಯದ ಕಥೆಗೆ ಬಂದರೆ ಸರಕಾರದ ದನಿಯೇ ಬೇರೆ.

ಭಾರತೀಯ ರಿಸರ್ವ್ ಬ್ಯಾಂಕ್ ಮೊದಲ ಎಚ್ಚರಿಕೆ ಕೊಟ್ಟದ್ದು 2013ರ ಡಿಸೆಂಬರ್ 24ರಂದು. 2017ರಲ್ಲಿ ಮತ್ತೆ ಎರಡು ಸಲ ಹೇಳಿತು. ಅದೇ ವರ್ಷದ ನವೆಂಬರಿನಲ್ಲಿ ಹಣಕಾಸು ಸಚಿವಾಲಯದ ಸುಭಾಷ್ ಚಂದ್ರ ಗರ್ಗ್ ಅವರ ಅಧ್ಯಕ್ಷತೆಯಲ್ಲಿ ಒಂದು ಉನ್ನತ ಸಮಿತಿ ನೇಮಕವಾಯಿತು. ಷೇರು ಪೇಟೆಯ ನಿಯಂತ್ರಕರಾದ ಸೆಬಿಯ ಅಧ್ಯಕ್ಷರು, ರಿಸರ್ವ್ ಬ್ಯಾಂಕಿನ ಉಪ ಗವರ್ನರರು, ಮಾಹಿತಿ ತಂತ್ರಜ್ಞಾನದ ಕಾರ್ಯದರ್ಶಿಗಳು ಅದರಲ್ಲಿದ್ದರು. ಸಮಿತಿ ಅಧ್ಯಯನ ಮಾಡುತ್ತಿರುವಾಗಲೇ, 2018ರ ಏಪ್ರಿಲ್ 6ರಂದು, ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿ, ಕ್ರಿಪ್ಟೋ ವ್ಯವಹಾರ ಮಾಡುವವರಿಗೆ ಯಾವ ಬ್ಯಾಂಕೂ ಸೇವೆ ಕೊಡಬಾರದೆಂದಿತು. ಕ್ರಿಪ್ಟೋ ಅಪರಾಧ ಎಂದು ಕಾಯಿದೆ ಇಲ್ಲ. ಆದರೆ ಬ್ಯಾಂಕಿನ ಬಾಗಿಲು ಬಂದ್.

ಆ ಕಾಲದ ಗೊಂದಲಕ್ಕೆ ಬೆಂಗಳೂರಿನಲ್ಲಿ ನಡೆದದ್ದೊಂದು ಸಾಕ್ಷಿ. ತುಮಕೂರಿನಲ್ಲಿ 2013ರಲ್ಲಿ ಹುಟ್ಟಿದ ಒಂದು ಕಂಪನಿ 2018ರ ಅಕ್ಟೋಬರಿನಲ್ಲಿ ಹಳೆಯ ವಿಮಾನ ನಿಲ್ದಾಣ ರಸ್ತೆಯ ಒಂದು ಮಾಲಿನಲ್ಲಿ ಯಂತ್ರವೊಂದನ್ನು ಇಟ್ಟಿತು. ಬ್ಯಾಂಕು ಮುಚ್ಚಿದರೇನು, ಇಲ್ಲಿ ನಗದು ಹಾಕಿ ಎಂಬ ಉಪಾಯ. ಕೆಲವೇ ದಿನಗಳಲ್ಲಿ ಪೊಲೀಸರು ಬಂದು ಯಂತ್ರವನ್ನು ಹೊತ್ತುಕೊಂಡು ಹೋದರು, ಕಂಪನಿ ಕಟ್ಟಿದವರನ್ನು ಬಂಧಿಸಿದರು. ಇಡಲು ಅನುಮತಿ ಕೊಡುವ ಕಾಯಿದೆಯೂ ಇರಲಿಲ್ಲ, ಇಡಬಾರದೆನ್ನುವ ಕಾಯಿದೆಯೂ ಇರಲಿಲ್ಲ.

ಗರ್ಗ್ ಸಮಿತಿಯ ವರದಿ 2019ರ ಜುಲೈಯಲ್ಲಿ ಹೊರಬಂತು. ಪುಸ್ತಕವನ್ನು ಬಳಸಿರಿ, ಖಾಸಗಿ ನಾಣ್ಯವನ್ನು ನಿಷೇಧಿಸಿರಿ, ರಿಸರ್ವ್ ಬ್ಯಾಂಕಿನದೇ ಡಿಜಿಟಲ್ ಹಣದ ಬಗ್ಗೆ ಯೋಚಿಸಿರಿ ಎಂಬುದು ಅದರ ಸಾರ. ಜೊತೆಗಿದ್ದ ಮಸೂದೆಯಲ್ಲಿ ಹತ್ತು ವರ್ಷದವರೆಗಿನ ಸೆರೆವಾಸದ ಮಾತಿತ್ತು. ಅದು ಸಂಸತ್ತಿನಲ್ಲಿ ಮಂಡನೆಯಾಗಲೇ ಇಲ್ಲ.

ಇತ್ತ ವ್ಯಾಪಾರಿಗಳು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2020ರ ಮಾರ್ಚ್ 4ರಂದು ಮೂವರು ನ್ಯಾಯಮೂರ್ತಿಗಳ ಪೀಠ ರಿಸರ್ವ್ ಬ್ಯಾಂಕಿನ ಸುತ್ತೋಲೆಯನ್ನು ರದ್ದು ಮಾಡಿತು. ಇಲ್ಲಿ ಸ್ವಲ್ಪ ನಿಧಾನಿಸಿ ಕೇಳಬೇಕು, ಏಕೆಂದರೆ "ಸುಪ್ರೀಂ ಕೋರ್ಟೇ ಒಪ್ಪಿದೆ" ಎಂದು ಹೇಳಿಕೊಂಡು ತಿರುಗುವವರು ಬಹಳ. ಕೋರ್ಟು ಹೇಳಿದ್ದು ಬೇರೆ. ಇಂಥ ವಿಷಯದಲ್ಲಿ ಕೈಹಾಕಲು ರಿಸರ್ವ್ ಬ್ಯಾಂಕಿಗೆ ಅಧಿಕಾರ ಇದೆ ಎಂದೇ ಹೇಳಿತು. ಆದರೆ ತನ್ನ ಹತೋಟಿಯ ಯಾವುದೇ ಬ್ಯಾಂಕಿಗೆ ಇದರಿಂದ ಹಾನಿಯಾದದ್ದನ್ನು ತೋರಿಸದೆ, ಕಾಯಿದೆ ನಿಷೇಧಿಸದ ಒಂದು ವ್ಯಾಪಾರದ ಉಸಿರನ್ನೇ ಕಟ್ಟಿಸುವುದು ಅಳತೆ ಮೀರಿದ ಕ್ರಮ ಎಂದಿತು. ನೊಣ ಓಡಿಸಲು ಒನಕೆ ಎತ್ತಬೇಡಿ ಎಂದ ಹಾಗೆ. ನೊಣ ಒಳ್ಳೆಯದು ಎಂದು ಹೇಳಲಿಲ್ಲ.

ಮುಂದೆ 2022ರ ಬಜೆಟ್. ನಮ್ಮ ಹುಡುಗನ ಪ್ರಶ್ನೆ ಹುಟ್ಟಿದ್ದು ಅಲ್ಲಿಂದ. ಆ ವರ್ಷದ ಏಪ್ರಿಲ್ 1ರಿಂದ ಕ್ರಿಪ್ಟೋ ಮಾರಿದ ಲಾಭಕ್ಕೆ ಶೇಕಡಾ 30 ತೆರಿಗೆ. ಜುಲೈ 1ರಿಂದ ಮಾರಾಟದ ಮೊತ್ತದಲ್ಲೇ ಶೇಕಡಾ 1 ಮುಂಗಡ ಕಡಿತ. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಅದೇ ಫೆಬ್ರವರಿಯಲ್ಲಿ ರಾಜ್ಯಸಭೆಯಲ್ಲಿ ಸ್ಪಷ್ಟವಾಗಿಯೇ ಹೇಳಿದರು: ಇದು ಸಿಂಧುವೋ ಅಲ್ಲವೋ ಎಂಬುದು ಬೇರೆ ಪ್ರಶ್ನೆ, ತೆರಿಗೆ ಹಾಕುವುದು ಸರಕಾರದ ಹಕ್ಕು. ಯೋಚಿಸಿ ನೋಡಿದರೆ ಇದರಲ್ಲಿ ಹೊಸತೇನೂ ಇಲ್ಲ. ಲಾಟರಿಯ ಬಹುಮಾನಕ್ಕೂ ಶೇಕಡಾ 30 ತೆರಿಗೆ ಉಂಟು. ಹಾಗೆಂದು ಟಿಕೇಟು ಕೊಂಡವನಿಗೆಲ್ಲ ಬಹುಮಾನದ ಭರವಸೆ ಸರಕಾರ ಕೊಟ್ಟಿದೆಯೇ? ಹೆಂಡಕ್ಕೂ ತೆರಿಗೆ ಇದೆ, ಅದು ಆರೋಗ್ಯಕ್ಕೆ ಒಳ್ಳೆಯದೆಂಬ ಸರ್ಟಿಫಿಕೇಟು ಅಲ್ಲ.

ಈ ತೆರಿಗೆಯ ಲೆಕ್ಕವನ್ನು ಹುಡುಗನಿಗೆ ಕಾಗದದ ಮೇಲೆ ಮಾಡಿ ತೋರಿಸಿದೆ. ಒಂದು ನಾಣ್ಯದಲ್ಲಿ ನಿನಗೆ 10,000 ರೂಪಾಯಿ ಲಾಭ ಬಂತು, ಇನ್ನೊಂದರಲ್ಲಿ 10,000 ನಷ್ಟ. ಜೇಬಿಗೆ ಬಂದದ್ದು ಸೊನ್ನೆ. ಬೇರೆ ವ್ಯಾಪಾರದಲ್ಲಾದರೆ ಲಾಭದಿಂದ ನಷ್ಟ ಕಳೆಯಬಹುದು. ಇಲ್ಲಿ ಕಳೆಯುವಂತಿಲ್ಲ. ಲಾಭದ 10,000ಕ್ಕೆ 3,000 ತೆರಿಗೆ, ಅದರ ಮೇಲೆ ಶೇಕಡಾ 4 ಸೆಸ್ ಸೇರಿ 3,120 ರೂಪಾಯಿ ಕಟ್ಟಬೇಕು. ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಹುಡುಗ ಆ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿದ. ಏಳನೆಯ ತರಗತಿಯಲ್ಲಿ ಇಂಥ ಲೆಕ್ಕ ಕಲಿಸಿರಲಿಲ್ಲವಲ್ಲ ಎಂದ.

2023ರ ಮಾರ್ಚ್ 7ರಂದು ಇನ್ನೊಂದು ಹೆಜ್ಜೆ: ಕ್ರಿಪ್ಟೋ ಕೊಳ್ಳುವ, ಮಾರಿಸುವ ಕಂಪನಿಗಳನ್ನು ಕಪ್ಪು ಹಣ ತಡೆಯ ಕಾಯಿದೆಯ ಒಳಗೆ ತಂದರು. ಗಿರಾಕಿ ಯಾರೆಂದು ಅವು ಬರೆದಿಡಬೇಕು, ಸಂಶಯದ ವ್ಯವಹಾರವನ್ನು ಕೇಂದ್ರದ ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕು. ಒಳ್ಳೆಯದೇ. ಆದರೆ ಗಮನಿಸಿ, ಇದು ನಮ್ಮಿಂದ ಸರಕಾರವನ್ನು ಕಾಯುವ ನಿಯಮ, ಕಂಪನಿಯಿಂದ ನಮ್ಮನ್ನು ಕಾಯುವ ನಿಯಮವಲ್ಲ. ವಾಣಿಜ್ಯ ಬ್ಯಾಂಕು ಮುಳುಗಿದರೆ 5 ಲಕ್ಷ ರೂಪಾಯಿವರೆಗಿನ ಠೇವಣಿಗೆ ವಿಮೆ ಉಂಟು. ಷೇರಿನ ದಲ್ಲಾಳಿ ಮೋಸ ಮಾಡಿದರೆ ಸೆಬಿಗೆ ಬರೆಯಬಹುದು. ನಮ್ಮ ಕುರಿ ಚೀಟಿಗೂ 1982ರ ಕಾಯಿದೆ ಇದೆ. ಕ್ರಿಪ್ಟೋಗೆ ಇಂಥ ಒಂದು ಪೂರ್ಣ ಕಾಯಿದೆ ನಾನಿದನ್ನು ಬರೆಯುವ ತನಕ ನಮ್ಮ ದೇಶದಲ್ಲಿ ಬಂದಿಲ್ಲ. 2021ರಲ್ಲಿ ಒಂದು ಮಸೂದೆಯ ಹೆಸರು ಲೋಕಸಭೆಯ ಪಟ್ಟಿಯಲ್ಲಿ ಕಾಣಿಸಿಕೊಂಡು ಹಾಗೆಯೇ ಮರೆಯಾಯಿತು.

ಇಲ್ಲದ್ದರ ಫಲ ಏನೆಂದು 2024ರಲ್ಲಿ ಲಕ್ಷಾಂತರ ಮಂದಿ ಕಂಡರು. ಜುಲೈ 18ರಂದು ವಜೀರ್‌ಎಕ್ಸ್ ಎಂಬ ದೊಡ್ಡ ವಿನಿಮಯ ಕಂಪನಿಯ ಬೊಕ್ಕಸವನ್ನು ಕಂಪ್ಯೂಟರ್ ಕಳ್ಳರು ಒಡೆದು 23 ಕೋಟಿ ಡಾಲರಿಗೂ ಮಿಕ್ಕಿದ ನಾಣ್ಯ ಕದ್ದರು. ವ್ಯವಹಾರ ನಿಂತಿತು. ಹಣ ಹಾಕಿದವರಲ್ಲಿ ಹೆಚ್ಚಿನವರು ಭಾರತೀಯರು. ಅವರಿಗೆ ಎಷ್ಟು, ಹೇಗೆ ಹಿಂದೆ ಕೊಡಬೇಕೆಂಬ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು ಸಿಂಗಾಪುರದ ಹೈಕೋರ್ಟಿನಲ್ಲಿ. ಬಾಗಿಲು ತಿರುಗಿ ತೆರೆದದ್ದು 2025ರ ಅಕ್ಟೋಬರಿನಲ್ಲಿ, ಹದಿನೈದು ತಿಂಗಳ ಮೇಲೆ. ಅದೇ ತಿಂಗಳು ಮದರಾಸು ಹೈಕೋರ್ಟು ಒಬ್ಬ ಮಹಿಳೆಯ ಅರ್ಜಿಯಲ್ಲಿ, ಕ್ರಿಪ್ಟೋ ಎಂಬುದು ಕಾನೂನಿನ ಕಣ್ಣಿನಲ್ಲಿ ಒಂದು ಆಸ್ತಿಯೇ ಎಂದು ಹೇಳಿತು. ಸಣ್ಣ ಆಸರೆ, ಆದರೆ ಆಸರೆ.

ಇನ್ನು ನಮ್ಮ ಜಿಲ್ಲೆಗೇ ವಿಶೇಷವಾದ ಒಂದು ತೊಡಕು. ಇಲ್ಲಿ ಎಷ್ಟೋ ಮನೆಗಳಲ್ಲಿ ಅಣ್ಣ ದುಬೈಯಲ್ಲಿ, ತಮ್ಮ ಕುವೈಟಿನಲ್ಲಿ. ದುಬೈ 2022ರ ಮಾರ್ಚಿನಲ್ಲಿ ಇದಕ್ಕೆಂದೇ ಒಂದು ಪ್ರಾಧಿಕಾರ ಸ್ಥಾಪಿಸಿ, ಲೈಸೆನ್ಸು ಕೊಟ್ಟು ವ್ಯಾಪಾರಕ್ಕೆ ಬಿಟ್ಟಿತು. ಕುವೈಟು 2023ರ ಜುಲೈಯಲ್ಲಿ ಪಾವತಿಗೂ ಹೂಡಿಕೆಗೂ ಕ್ರಿಪ್ಟೋ ಬಳಸಬಾರದೆಂದು ಪೂರ್ತಿ ನಿಷೇಧಿಸಿತು. ಅಣ್ಣನಿಗೆ ಅಲ್ಲಿ ಲೈಸೆನ್ಸಿನ ವ್ಯಾಪಾರ, ತಮ್ಮನಿಗೆ ಇಲ್ಲದ ಉಪದ್ರ, ಊರಿನಲ್ಲಿರುವ ತಂಗಿಗೆ ಶೇಕಡಾ 30 ತೆರಿಗೆ. ನಾಣ್ಯ ಒಂದೇ. ನಮ್ಮ ಹುಡುಗ ಕುವೈಟಿನವನಲ್ಲವೇ, ಅವನಿಗೆ ಈ ಸಂಗತಿ ಗೊತ್ತೇ ಇರಲಿಲ್ಲ.

ಗೊತ್ತಾಗುವುದಾದರೂ ಹೇಗೆ? ಎಚ್ಚರಿಕೆ ಬರುವುದು ಇಂಗ್ಲಿಷಿನ ಪ್ರಕಟಣೆಯಲ್ಲಿ. ಕಂಪನಿಯ ಕರಾರು ಇಂಗ್ಲಿಷಿನ ನಲವತ್ತು ಪುಟ. ಆದರೆ ಹಣ ಹಾಕು ಎನ್ನುವವನು ಬರುವುದು ತುಳುವಿನಲ್ಲಿ, ಕನ್ನಡದಲ್ಲಿ, ಮಲಯಾಳದಲ್ಲಿ, ಬ್ಯಾರಿಯಲ್ಲಿ. ಮದುವೆ ಮನೆಯಲ್ಲಿ ಪಕ್ಕದ ಎಲೆಯಲ್ಲಿ ಕೂತು. ಮಲಯಾಳದಲ್ಲಿ ಹಣಕ್ಕೆ ಪಣಂ ಎನ್ನುತ್ತಾರೆ, ಕನ್ನಡದಲ್ಲಿ ಪಣ ಎಂದರೆ ಜೂಜಿಗೆ ಒಡ್ಡಿದ್ದು. ಎರಡು ಭಾಷೆಯೂ ಬಲ್ಲ ನಮಗೆ ಆ ವ್ಯತ್ಯಾಸ ತಿಳಿಯದೆ ಇರಲಿಕ್ಕಿಲ್ಲ.

ಮೇಲೆ ಹೇಳಿದ್ದೆಲ್ಲ ನಿಜವಾದ ಕ್ರಿಪ್ಟೋದ ಮಾತು. ಅದರ ಹೆಸರಿನಲ್ಲಿ ನಡೆಯುವ ಮೋಸ ಇನ್ನೊಂದು. ಹಿರಿಯರಿಗೆ ನೆನಪಿರಬಹುದು, ತೊಂಬತ್ತರ ದಶಕದಲ್ಲಿ ಕೇರಳದಲ್ಲೆಲ್ಲ "ಆಡು, ತೇಕು, ಮಾಂಜಿಯಂ" ಎಂಬ ಮಾತಿತ್ತು. ಆಡು ಸಾಕುತ್ತೇವೆ, ತೇಗ ನೆಡುತ್ತೇವೆ, ಹಾಕಿದ ಹಣ ಹತ್ತು ಪಟ್ಟು ಎಂಬ ಜಾಹೀರಾತುಗಳು. ಸೆಬಿ ಅಂಥ ಯೋಜನೆಗಳಿಗೆ ನಿಯಮ ಮಾಡಿದ್ದು 1999ರಲ್ಲಿ, ಅಷ್ಟರಲ್ಲಿ ಆಡೂ ಇಲ್ಲ, ತೇಗವೂ ಇಲ್ಲ. 2020ರಲ್ಲಿ ಮಲಪ್ಪುರದಲ್ಲಿ ದೂರು ದಾಖಲಾದ ಮೋರಿಸ್ ಕಾಯಿನ್ ಪ್ರಕರಣ ಅದರದ್ದೇ ಮೊಮ್ಮಗು. 15,000 ರೂಪಾಯಿ ಹಾಕಿದರೆ ದಿನಕ್ಕೆ 270ರಂತೆ 300 ದಿನ ಕೊಡುತ್ತೇವೆ ಎಂಬ ಮಾತು. ಗುಣಿಸಿ ನೋಡಿ: 81,000. ಯಾವ ತೋಟ, ಯಾವ ಅಂಗಡಿ ಹತ್ತು ತಿಂಗಳಲ್ಲಿ ಐದು ಪಟ್ಟಿಗೂ ಹೆಚ್ಚು ಕೊಡುತ್ತದೆ? ಸುಮಾರು 1,200 ಕೋಟಿ ರೂಪಾಯಿ ಸಂಗ್ರಹವಾಗಿತ್ತೆಂದು ಜಾರಿ ನಿರ್ದೇಶನಾಲಯ ಹೇಳಿತು. 2022ರ ಜನವರಿಯಲ್ಲಿ ಅದು ಮುಟ್ಟುಗೋಲು ಹಾಕಿಕೊಂಡ ಆಸ್ತಿ 36 ಕೋಟಿ ಚಿಲ್ಲರೆ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಎಷ್ಟು ಮನೆಯ ಚಿನ್ನ, ಎಷ್ಟು ವರ್ಷದ ಕೊಲ್ಲಿಯ ಬೆವರು ಇದೆಯೋ.

ಇನ್ನೊಂದು ಮಾತನ್ನೂ ಬಿಡಿಸಿ ಹೇಳಬೇಕು. "ರಿಸರ್ವ್ ಬ್ಯಾಂಕೇ ಡಿಜಿಟಲ್ ನಾಣ್ಯ ಬಿಟ್ಟಿದೆ" ಎಂದು ಯಾರಾದರೂ ಹೇಳಿದರೆ ಅದು ನಿಜ, ಆದರೆ ಅದು ಇದಲ್ಲ. ಇ-ರುಪಾಯಿ ಎಂಬ ಡಿಜಿಟಲ್ ರೂಪಾಯಿಯ ಪ್ರಯೋಗ ಜನಸಾಮಾನ್ಯರಿಗಾಗಿ 2022ರ ಡಿಸೆಂಬರ್ 1ರಂದು ಬೆಂಗಳೂರೂ ಸೇರಿದಂತೆ ನಾಲ್ಕು ನಗರಗಳಲ್ಲಿ ಸುರುವಾಯಿತು. ಅದು ನೋಟಿನದೇ ಇನ್ನೊಂದು ರೂಪ. ನೂರು ರೂಪಾಯಿ ಇವತ್ತೂ ನೂರು, ನಾಳೆಯೂ ನೂರು. ಅದು ಏರುವುದಿಲ್ಲ, ಇಳಿಯುವುದಿಲ್ಲ. ಅದರಲ್ಲಿ ಹಣ ಹಾಕಿದರೆ ಎರಡು ಪಟ್ಟಾಗುತ್ತದೆ ಎಂದವನು ಸುಳ್ಳು ಹೇಳುತ್ತಿದ್ದಾನೆ.

ಸಮಯ ಆಗುತ್ತ ಬಂತು. ಒಂದು ದೂರವಾಣಿ ಸಂಖ್ಯೆ ಬರೆದಿಟ್ಟುಕೊಳ್ಳಿ: 1930. ಕೇರಳದಲ್ಲೂ ಕರ್ನಾಟಕದಲ್ಲೂ ಅದೇ ಸಂಖ್ಯೆ. ಆನ್‌ಲೈನ್ ಮೋಸದಲ್ಲಿ ಹಣ ಹೋದರೆ ನಾಚಿಕೊಂಡು ಕೂರದೆ ಕೂಡಲೇ, ಗಂಟೆಯೊಳಗೆ ಕರೆ ಮಾಡಿದರೆ ಹಣ ಇನ್ನೊಂದು ಖಾತೆಯಲ್ಲಿ ನಿಂತಿರುವಾಗಲೇ ತಡೆಯುವ ಸಾಧ್ಯತೆ ಉಂಟು. ಮರುದಿನಕ್ಕೆ ಅದು ಹತ್ತು ಖಾತೆ ದಾಟಿರುತ್ತದೆ.

ಹುಡುಗ ಮೊನ್ನೆ ಕುವೈಟಿನಿಂದ ಫೋನು ಮಾಡಿದ್ದ. ಎರಡು ಲಕ್ಷದಲ್ಲಿ ತೋಟಕ್ಕೆ ಬೇಲಿಯೇ ಆಯಿತು. ಆದರೂ ಹಂದಿ ಒಳಗೆ ಬರುತ್ತದೆ ಮಾಷ್ಟ್ರೆ, ಎಂದ. ಗೆಳೆಯನ ಹಣ ಏನಾಯಿತೆಂದು ಕೇಳಿದೆ. ಏರಿತ್ತು, ಈಗ ಸ್ವಲ್ಪ ಇಳಿದಿದೆಯಂತೆ. ತೆರಿಗೆಯ ಲೆಕ್ಕ ಬರೆಯಲು ಗೊತ್ತಾಗುವುದಿಲ್ಲವಂತೆ, ಭಾನುವಾರ ನಿಮ್ಮಲ್ಲಿಗೆ ಕಳುಹಿಸಲೇ ಎಂದ. ಕಳುಹಿಸು ಎಂದಿದ್ದೇನೆ.